ರೇಟು ನನಗೂ ಗೊತ್ತು, ಅಳತೆ ಹೇಳು

ಪೆಟ್ರೋಲ್ ದರ ಏರಿದಾಗ ಜನ ಸರ್ಕಾರವನ್ನು ಬೈಯುತ್ತಾರೆ ಎಂದುಕೊಂಡವರು ಒಂದು ಸಂಜೆ ಬಂಕಿಗೆ ಬಂದು ನಿಲ್ಲಬೇಕು. ಬೈಗುಳವೆಲ್ಲ ಬೀಳುವುದು ನಾಜಲ್ ಹಿಡಿದ ಹುಡುಗನ ಮೇಲೆ. 2022ರ ಮಾರ್ಚ್–ಏಪ್ರಿಲ್‌ನಲ್ಲಿ ನಾನು ಪೀಣ್ಯದ ಕಡೆ ಒಂದು ಬಂಕಿನಲ್ಲಿ ಶಿಫ್ಟ್ ಮೇಲ್ವಿಚಾರಕನಾಗಿದ್ದೆ. ಆಗ ನಡೆದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಹಿಂದಿನ ನವೆಂಬರ್‌ನಿಂದ ದರ ಅಲುಗಾಡಿರಲಿಲ್ಲ. ಬೆಂಗಳೂರಿನಲ್ಲಿ ಪೆಟ್ರೋಲ್ 100.58 ರೂಪಾಯಿಗೆ ನಿಂತಿತ್ತು. ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ತೈಲ ನೂರು ಡಾಲರ್ ದಾಟಿತ್ತು. ಐದು ರಾಜ್ಯಗಳ ಚುನಾವಣೆ ಮುಗಿಯುತ್ತಲೇ ದರ ಏರುತ್ತದೆ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಮಾರ್ಚ್ ಮೊದಲ ವಾರ ಕಾರಿನವರು ಫುಲ್ ಟ್ಯಾಂಕ್ ಮಾಡಿಸಲು ರಸ್ತೆಯವರೆಗೂ ಸಾಲುಗಟ್ಟಿದರು. ಸಗಟು ಡೀಸೆಲ್‌ಗೆ ಲೀಟರಿಗೆ ಸುಮಾರು 25 ರೂಪಾಯಿ ಏರಿಸಿದ ಮೇಲಂತೂ ಸಗಟಾಗಿ ಕೊಳ್ಳುತ್ತಿದ್ದವರೂ ನಮ್ಮಂಥ ಚಿಲ್ಲರೆ ಬಂಕುಗಳಿಗೇ ಬಂದರು. ಕಂಪನಿಗೆ ಇಂಡೆಂಟ್, ಅಂದರೆ ಬೇಡಿಕೆ, ಹಾಕಿದರೂ ಟ್ಯಾಂಕರ್ ತಡ; ನೆಲದಡಿಯ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ಕಡ್ಡಿ ಇಳಿಸಿ ಡಿಪ್ ನೋಡಲು ಭಯ.

ಕೊನೆಗೆ ಮಾರ್ಚ್ 22ರ ಬೆಳಿಗ್ಗೆ ಏರಿದ್ದು ಎಂಬತ್ತು ಪೈಸೆಯ ಆಸುಪಾಸು. ಮೂವತ್ತೈದು ಲೀಟರಿನ ಟ್ಯಾಂಕ್ ತುಂಬಿಸಲು ಸಾಲಿನಲ್ಲಿ ಕಾದವರಿಗೆ ಉಳಿದದ್ದು ಮೂವತ್ತು ರೂಪಾಯಿಗೂ ಕಡಿಮೆ. ಆದರೆ ದರ ಅಲ್ಲಿಗೆ ನಿಲ್ಲಲಿಲ್ಲ. ಹೆಚ್ಚು ಕಡಿಮೆ ದಿನವೂ ಪೈಸೆ ಪೈಸೆ ಏರುತ್ತ ಏಪ್ರಿಲ್ 6ಕ್ಕೆ 111.09 ಆಯಿತು.

ಕಾರಿನವರು ಗೊಣಗಿದರು, ಕಾರ್ಡ್ ಉಜ್ಜಿ ಹೋದರು. ನಾನು ಎಣಿಸಿರದ ಪೆಟ್ಟು ಬಿದ್ದದ್ದು ನೂರು ರೂಪಾಯಿ ಗಿರಾಕಿಗಳಿಗೆ. ಗಾರ್ಮೆಂಟ್ಸ್‌ಗೆ, ಕಾರ್ಖಾನೆಗೆ ಹೋಗುವವರು ಲೀಟರ್ ಲೆಕ್ಕದಲ್ಲಿ ಕೇಳುವುದೇ ಇಲ್ಲ. ಅವರ ಮಾತು ಯಾವಾಗಲೂ ‘ನೂರಕ್ಕೆ ಹಾಕಿ’. ಮಾರ್ಚ್‌ನಲ್ಲಿ ನೂರು ರೂಪಾಯಿಗೆ 994 ಮಿಲಿ ಲೀಟರ್ ಬರುತ್ತಿತ್ತು, ಏಪ್ರಿಲ್‌ನಲ್ಲಿ 900. ಬೈಕಿಗೆ ಸುಮಾರು ನಾಲ್ಕು ಕಿಲೋಮೀಟರ್ ಕಡಿಮೆ. ಕೊಟ್ಟ ನೋಟು ಅದೇ, ಓಡಾಡುವ ದಾರಿ ಅದೇ, ಗಾಡಿ ಮಾತ್ರ ಮೊದಲೇ ನಿಲ್ಲುತ್ತದೆ. ಆಗ ಅನುಮಾನ ಯಾರ ಮೇಲೆ ಹೋಗಬೇಕು?

ಒಂದು ಸಂಜೆ, ಪಾಳಿ ಬಿಡುವ ಹೊತ್ತು. ಒಬ್ಬರು ಸ್ಕೂಟರ್ ತಳ್ಳಿಕೊಂಡು ಬಂದು ನೇರವಾಗಿ ನಾಜಲ್‌ಗೇ ಕೈ ಹಾಕಿದರು. “ನಿನ್ನೆ ತಾನೇ ಇಲ್ಲಿ ನೂರಕ್ಕೆ ಹಾಕಿಸಿದೆ. ಅರ್ಧ ದಾರಿಯಲ್ಲಿ ನಿಂತಿತು. ಮೀಟರ್‌ಗೆ ಏನು ಮಾಡಿದ್ದೀರಿ?”

“ರೇಟ್ ಜಾಸ್ತಿಯಾಗಿದೆ ಅಣ್ಣ,” ಎಂದ ಹುಡುಗ.

“ರೇಟು ನನಗೂ ಗೊತ್ತು. ಅಳತೆ ಹೇಳು.”

ನಾನು ಓಡಿದೆ. ಐದು ಲೀಟರಿನ ಅಳತೆ ಪಾತ್ರೆ ತರಿಸಿ ತೋರಿಸಿದ್ದರೆ ಎರಡು ನಿಮಿಷದ ಕೆಲಸ. ಕೇಳುವುದು ಗಿರಾಕಿಯ ಹಕ್ಕು ಕೂಡ. ಆದರೆ ಪಾತ್ರೆ ಆಫೀಸಿನ ಬೀರುವಿನಲ್ಲಿತ್ತು, ಬೀರುವಿನ ಕೀಲಿ ಮಾಲೀಕರ ಜೇಬಿನಲ್ಲಿ, ಮಾಲೀಕರು ಬ್ಯಾಂಕಿನಲ್ಲಿ. “ಕೀಲಿ ಬರುತ್ತಿದೆ, ಸ್ವಲ್ಪ ಇರಿ” ಎಂಬ ಮಾತು ಆ ಹೊತ್ತಿನಲ್ಲಿ ಕಳ್ಳನ ಮಾತಿನಂತೆಯೇ ಕೇಳುತ್ತದೆ. ಹಿಂದಿನಿಂದ ಹಾರ್ನ್, ಸುತ್ತ ವಿಡಿಯೊ ಮಾಡುವ ಮೊಬೈಲ್‌ಗಳು. ಒಬ್ಬರು ಹುಡುಗನ ಅಂಗಿ ಹಿಡಿದರು. ಅವನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ನಾಜಲ್ ಬಿಡದೆ ನಿಂತಿದ್ದ, ಕೈ ನಡುಗುತ್ತಿತ್ತು.

ಕೀಲಿ ಬಂತು. ಪಾತ್ರೆಯನ್ನು ಒಮ್ಮೆ ಪೆಟ್ರೋಲ್‌ನಿಂದಲೇ ಒದ್ದೆ ಮಾಡಿ, ಬರಿದು ಮಾಡಿ, ಮಟ್ಟಸವಾದ ಜಾಗದಲ್ಲಿಟ್ಟೆವು. ಮಾಪನ ಇಲಾಖೆಯ ಮುದ್ರೆಯನ್ನು ಅವರಿಗೇ ಓದಲು ಹೇಳಿದೆ. ಝೀರೋ ತೋರಿಸಿ ಐದು ಲೀಟರ್ ಹಾಕಿಸಿದೆ. ನೊರೆ ಇಳಿಯುವವರೆಗೆ ಯಾರೂ ಮಾತನಾಡಲಿಲ್ಲ. ಪೆಟ್ರೋಲ್ ಕತ್ತಿನ ಗೆರೆಗೆ ಸರಿಯಾಗಿ ನಿಂತಿತು. 25 ಮಿಲಿ ಲೀಟರ್ ಹೆಚ್ಚುಕಡಿಮೆಗೆ ನಿಯಮದಲ್ಲೇ ಅವಕಾಶವಿದೆ, ಇಲ್ಲಿ ಅದೂ ಬೇಕಾಗಲಿಲ್ಲ. ಟೆಸ್ಟಿಂಗ್ ಲೆಕ್ಕಕ್ಕೆ ಬರೆದುಕೊಂಡು ಅದನ್ನು ಬಂಕಿನ ಟ್ಯಾಂಕಿಗೇ ವಾಪಸ್ ಸುರಿಸಿದೆ. ಆಮೇಲೆ ಬಿಲ್ ಹಾಳೆಯ ಹಿಂದೆ 994, 900 ಎಂದು ಲೆಕ್ಕ ಬರೆದು ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. “ಹಾಗಾದರೆ ನೂರಹತ್ತಕ್ಕೆ ಹಾಕಿ,” ಎಂದರು.

ಆ ಮನುಷ್ಯನ ಮೇಲೆ ನನಗೆ ಕೋಪವಿಲ್ಲ. ಗಾಡಿ ತಳ್ಳಿಕೊಂಡು ಬಂದವರಿಗೆ ಅನುಮಾನ ಬರದಿದ್ದರೆ ಆಶ್ಚರ್ಯ. ನನ್ನ ಕೋಪ ಇರುವುದು ನಮ್ಮ ಕಡೆಯವರ ಮೇಲೆ. ದರ ದಿನವೂ ಏರುತ್ತಿದ್ದ ಆ ವಾರವೇ ಸಾದಾ ಪೆಟ್ರೋಲ್‌ಗಿಂತ ದುಬಾರಿಯಾದ ಪ್ರೀಮಿಯಂ ಪೆಟ್ರೋಲ್ ಮಾರಾಟದ ಗುರಿ ಹೆಚ್ಚಿಸಿದ್ದರು. ನೂರು ರೂಪಾಯಿ ಹಿಡಿದು ಬಂದವರನ್ನು “ಪ್ರೀಮಿಯಂ ಹಾಕಲೇ?” ಎಂದು ಹುಡುಗರು ಕೇಳಬೇಕಿತ್ತು. ‘100 ರೂ.ಗೆ 900 ಎಂ.ಎಲ್.’ ಎಂದು ನಾನು ರಟ್ಟಿನ ಮೇಲೆ ಬರೆದು ತೂಗುಹಾಕಿದರೆ, ಗಿರಾಕಿಗಳು ಹೆದರುತ್ತಾರೆ ಎಂದು ಮಾಲೀಕರು ತೆಗೆಸಿದರು. ಅಂದಿನಿಂದ ಹುಡುಗರ ಬಾಯಲ್ಲೇ ಹೇಳಿಸಿದೆ: “ನೂರಕ್ಕೆ ಒಂಬೈನೂರು ಎಂ.ಎಲ್. ಬರುತ್ತದೆ ಸರ್, ಝೀರೋ ನೋಡಿಕೊಳ್ಳಿ.” ಹಾಗೆ ಹೇಳಿದ ಮೇಲೆ ಮೀಟರ್ ಜಗಳ ಎದ್ದು ಕಾಣುವಷ್ಟು ಕಡಿಮೆಯಾಯಿತು.

2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ನಾನು ಬೇರೆ ಬಂಕಿನಲ್ಲಿದ್ದೆ. ಒಂದೇ ಏಟಿಗೆ ಮೂರು ರೂಪಾಯಿ ಏರಿ ಬೆಂಗಳೂರಿನಲ್ಲಿ ದರ ಮತ್ತೆ ನೂರು ದಾಟಿತು. ನಾನು ಅಳತೆ ಪಾತ್ರೆಯನ್ನು ಹೊರಗೆ, ದ್ವಿಚಕ್ರ ವಾಹನಗಳ ಪಂಪಿನ ಪಕ್ಕದಲ್ಲೇ ಇರಿಸಿದೆ. ಪ್ರೀಮಿಯಂ ಗುರಿ ಅಲ್ಲಿಯೂ ಇತ್ತು; ದರ ಏರಿದ ವಾರದಲ್ಲಾದರೂ ಅದನ್ನು ನಿಲ್ಲಿಸಿ ಎಂದು ಕೇಳುತ್ತಲೇ ಇದ್ದೇನೆ.