ಕಿತ್ತಳೆ ಪೆಟ್ಟಿಗೆಯ ಹಾಡುಗಳು

ಅಮೆರಿಕದ ‘ಬೀಚ್ ಬಾಯ್ಸ್’ ಸಂಗೀತ ತಂಡದ ಬ್ರಯನ್ ವಿಲ್ಸನ್ ಮತ್ತು ಗೀತರಚನೆಕಾರ ವ್ಯಾನ್ ಡೈಕ್ ಪಾರ್ಕ್ಸ್ ಕೂಡಿ 1995ರಲ್ಲಿ ಹೊರತಂದ ‘ಆರೆಂಜ್ ಕ್ರೇಟ್ ಆರ್ಟ್’ ಆಲ್ಬಮ್ಮನ್ನು ಈ ವಾರ ಮತ್ತೆ ಮತ್ತೆ ಕೇಳುತ್ತಿದ್ದೇನೆ. 1967ರಲ್ಲಿ ಅರ್ಧಕ್ಕೆ ನಿಂತರೂ ಹೆಸರಾದ ಬೀಚ್ ಬಾಯ್ಸ್ ಆಲ್ಬಮ್ ‘ಸ್ಮೈಲ್’ನ ಹಾಡುಗಳೂ ಇದೇ ಜೋಡಿಯವು. ಆದರೂ ‘ಆರೆಂಜ್ ಕ್ರೇಟ್ ಆರ್ಟ್’ ಬಂದಾಗ ಕೊಂಡವರು ಕಡಿಮೆ. ಬಹುಪಾಲು ಹಾಡುಗಳನ್ನು ರಚಿಸಿದ ಪಾರ್ಕ್ಸ್, ಹಾಡುವ ಕೆಲಸವನ್ನು ವಿಲ್ಸನ್ ಅವರಿಗೆ ಬಿಟ್ಟುಕೊಟ್ಟರು. ಆ ಒಂದೇ ಕಂಠ ಪದರಪದರವಾಗಿ ಮೇಳಗೊಳ್ಳುವಾಗ, ಕಿತ್ತಳೆ ಪೆಟ್ಟಿಗೆಗಳಿಗೆ ಬಣ್ಣದ ಚಿತ್ರ ಅಂಟಿಸಿ ದೂರದೂರಿಗೆ ಕಳುಹಿಸುತ್ತಿದ್ದ ಹಳೆಯ ಕ್ಯಾಲಿಫೋರ್ನಿಯಾ, ನಾನೆಂದೂ ಕಾಣದ ಆ ನಾಡು, ನನ್ನದೇ ನೆನಪೆಂಬಷ್ಟು ಹತ್ತಿರವಾಗುತ್ತದೆ. 2020ರ ಮರುಬಿಡುಗಡೆಯಲ್ಲಿ ಗಾಯನವಿಲ್ಲದ ವಾದ್ಯರೂಪಗಳೂ ಸೇರಿವೆ. ತಂತಿವಾದ್ಯಗಳ ಕುಸುರಿ ಎಷ್ಟು ಸೂಕ್ಷ್ಮವೆಂದು ಅಲ್ಲಿ ಕೇಳಿಯೇ ತಿಳಿಯಬೇಕು. 2025ರಲ್ಲಿ ವಿಲ್ಸನ್ ತೀರಿಕೊಂಡಾಗ ನಾನು ಓದಿದ ನುಡಿನಮನಗಳಲ್ಲಿ ಈ ಆಲ್ಬಮ್ಮಿನ ಹೆಸರು ವಿರಳವಾಗಿತ್ತು. ಇದನ್ನು ಮೆಚ್ಚುವ ಬಳಗ ಚಿಕ್ಕದಾದರೂ ಅವರ ಪ್ರೀತಿ ಗಾಢವಾದುದು, ನನ್ನದೂ ಹಾಗೆಯೇ.