ಸಜ್ಜಾದ ಮಟ್ಟಕ್ಕೆ ನಿಂತ ನೀರು

2024 ನವೆಂಬರ್ 17, ಭಾನುವಾರ
ಬೆಂಗಳೂರು

ನಿನ್ನೆ ಸಂಜೆ ಹಾರ್ಡ್‌ವೇರ್ ಅಂಗಡಿಯಲ್ಲಿ ಹದಿನೈದು ಮೀಟರ್ ಲೆವೆಲ್ ಪೈಪ್ ಕೇಳಿದೆ. ಗಾರೆಯವರು ನೀರು ತುಂಬಿ ಗೋಡೆಯ ಮಟ್ಟ ನೋಡುತ್ತಾರಲ್ಲ, ಆ ಪಾರದರ್ಶಕ ಕೊಳವೆ. "ಮನೆ ಕಟ್ಟಿಸುತ್ತಿದ್ದೀರಾ ಸಾರ್?" ಎಂದರು ಅಂಗಡಿಯವರು. ಮಗಳ ಪಾಠಕ್ಕೆ ಎಂದೆ. ಅವಳ ಮುಖವನ್ನೊಮ್ಮೆ ನೋಡಿ ಅರ್ಧ ಮೀಟರ್ ಹೆಚ್ಚಿಗೆ ಬಿಟ್ಟು ಕತ್ತರಿಸಿದರು.

ಅವಳು ಶಾಲೆ ಬಿಟ್ಟು ಎರಡು ವರ್ಷವಾಯಿತು. ಈಗ ಹನ್ನೆರಡು ತುಂಬಿದೆ. ಮೊದಲ ವರ್ಷ ಶಾಲೆಯ ಪಠ್ಯಪುಸ್ತಕವನ್ನೇ ಮನೆಯಲ್ಲಿ ಓದಿಸಿದೆ. ಅಂದರೆ ಶಾಲೆಯ ಬೇಸರವನ್ನು ಬಸ್ಸಿನ ಖರ್ಚಿಲ್ಲದೆ ಮನೆಗೆ ತಂದೆ. ಈ ಜೂನ್‌ನಿಂದ ವಿಜ್ಞಾನಕ್ಕೆ ಪಠ್ಯಪುಸ್ತಕ ಮುಖ್ಯವಲ್ಲ, ವಿಜ್ಞಾನದ ಚರಿತ್ರೆಯ ಪುಸ್ತಕಗಳೇ ಮುಖ್ಯ. ಹಳೆಯ ಕ್ಯಾಲೆಂಡರುಗಳ ಹಾಳೆಗಳನ್ನು ಅಂಚಿಗೆ ಅಂಚು ಅಂಟಿಸಿ ಗೋಡೆಯುದ್ದಕ್ಕೂ ಕಾಲದ ಪಟ್ಟಿ ಮಾಡಿದ್ದೇವೆ, ಒಂದು ಶತಮಾನಕ್ಕೆ ಒಂದು ಅಡಿ. ಅರಿಸ್ಟಾಟಲ್ ಚಪ್ಪಲಿ ಸ್ಟ್ಯಾಂಡಿನ ಮೇಲಿದ್ದಾನೆ. 499ರ ಆರ್ಯಭಟ ಬಚ್ಚಲ ಬಾಗಿಲ ಪಕ್ಕಕ್ಕೆ ಬಂದ. ಹದಿನೇಳನೆಯ ಶತಮಾನ ಬಂದದ್ದು ಅಡುಗೆಮನೆಯ ಹೊಸ್ತಿಲ ಹತ್ತಿರ, ಆ ಒಂದು ಅಡಿಯಲ್ಲಿ ಹೆಸರು ಬರೆಯಲು ಜಾಗವೇ ಇಲ್ಲ. ಮೂರು ತಿಂಗಳಿಂದ ಅಲ್ಲೇ ಸಿಕ್ಕಿಕೊಂಡಿದ್ದೇವೆ.

ಸರ್ಟಿಫಿಕೇಟಿನ ಗತಿಯೇನು ಎಂದು ನೆಂಟರು ಕೇಳುತ್ತಾರೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ ಹದಿನಾಲ್ಕು ತುಂಬಿದರೆ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಅಲ್ಲಿಯವರೆಗೆ ನಮಗೆ ಸಮಯವಿದೆ ಎನ್ನುತ್ತೇನೆ. ನನ್ನ ಧೈರ್ಯ ನನಗೇ ಪೂರ್ತಿ ನಂಬಿಕೆಯಾಗುವುದಿಲ್ಲ, ಅದು ಬೇರೆ ಮಾತು.

ಈ ವಾರದ ಕಥೆ ಪಂಪಿನದು. ಬಾವಿಯ ನೀರನ್ನು ಎಳೆಯುವ ಪಂಪು ಒಂದು ಎತ್ತರದಾಚೆಗೆ ನೀರೆತ್ತುವುದಿಲ್ಲ ಎಂದು ಗೆಲಿಲಿಯೊ 1638ರಲ್ಲಿ ಬರೆದ. ಅವರ ಅಳತೆಯಲ್ಲಿ 18 ಮೊಳ, ನಮ್ಮದರಲ್ಲಿ ಹತ್ತು ಮೀಟರ್ ಆಸುಪಾಸು. ಕಾರಣವನ್ನೂ ಹೇಳಿದ: ನೇತುಹಾಕಿದ ಹಗ್ಗ ತೀರ ಉದ್ದವಾದರೆ ತನ್ನ ಭಾರಕ್ಕೆ ತಾನೇ ತುಂಡಾಗುವಂತೆ ನೀರಿನ ಕಂಬವೂ ತುಂಡಾಗುತ್ತದೆ ಎಂದು. ತಪ್ಪು ಕಾರಣ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ, ಅದಕ್ಕೊಂದು ಮಿತಿಯಿದೆ. ಮಗಳು ಮೂರು ದಿನ ಗೆಲಿಲಿಯೊ ಪರ ವಾದಿಸಿದಳು. ನಾನು ತಡೆಯಲಿಲ್ಲ. ಪಠ್ಯಪುಸ್ತಕದಲ್ಲಿ "ವಾಯುಮಂಡಲಕ್ಕೆ ಒತ್ತಡವಿದೆ" ಎಂಬ ಸಾಲು ಒಂದೇ ಉಸಿರಿಗೆ ಮುಗಿಯುತ್ತದೆ. ಅದು ಯಾವ ಪ್ರಶ್ನೆಗೆ ಉತ್ತರ ಎಂದು ಮಗುವಿಗೆ ಗೊತ್ತೇ ಆಗುವುದಿಲ್ಲ. ತಪ್ಪಿನ ಪರ ಜಗಳವಾಡಿ ಸೋತವಳಿಗೆ ಗೊತ್ತಾಗುತ್ತದೆ.

1640ರ ಆಸುಪಾಸಿನಲ್ಲಿ ರೋಮ್‌ನಲ್ಲಿ ಗ್ಯಾಸ್ಪರೊ ಬೆರ್ಟಿ ತನ್ನ ಮನೆಯ ಹೊರಗೋಡೆಗೇ ಉದ್ದನೆಯ ಸೀಸದ ಕೊಳವೆ ನಿಲ್ಲಿಸಿ ನೀರು ತುಂಬಿ ನೋಡಿದ. ಆಮೇಲೆ ಇಟಲಿಯ ವಿಜ್ಞಾನಿ ಟಾರಿಸೆಲ್ಲಿ, ನೀರಿನ ಬದಲು ಪಾದರಸ ಹಿಡಿದರೆ ಮೇಜಿನೆತ್ತರದ ಗಾಜಿನ ಕೊಳವೆ ಸಾಕು ಎಂದು ಕಂಡುಕೊಂಡ. ಗಾಳಿಯ ಸಾಗರದ ತಳದಲ್ಲಿ ನಾವು ಮುಳುಗಿ ಬದುಕುತ್ತಿದ್ದೇವೆ ಎಂದು 1644ರ ಕಾಗದವೊಂದರಲ್ಲಿ ಬರೆದ. ಪಾದರಸ ಮನೆಗೆ ತರುವ ಮಾತೇ ಇಲ್ಲ. ಹಾಗಾಗಿ ಬೆರ್ಟಿಯ ದಾರಿ.

ನಮ್ಮದು ಪಾರ್ಕಿಂಗಿನ ಮೇಲೆ ಮೂರು ಮಹಡಿ. ತಾರಸಿಯಿಂದ ನೆಲಕ್ಕೆ ಹನ್ನೆರಡು ಮೀಟರ್ ಸಿಗುತ್ತದೆ. ಪೈಪಿನ ಮೇಲೆ ಅರ್ಧ ಮೀಟರಿಗೊಂದು ಗೆರೆ ಹಾಕಿದೆವು. ನೀರು ಕಾಣಲೆಂದು ಬೀಟ್‌ರೂಟ್ ಬೇಯಿಸಿದ ನೀರು. ಒಂದು ತುದಿಯನ್ನು ಎರಡು ಸಲ ಮಡಚಿ ಬೈಂಡಿಂಗ್ ವೈರಿನಿಂದ ಬಿಗಿದು, ಹಗ್ಗ ಕಟ್ಟಿ ಅವಳು ಮೇಲೆಳೆದಳು. ಇನ್ನೊಂದು ತುದಿ ಬಕೆಟ್ಟಿನ ನೀರಿನೊಳಗೆ ನನ್ನ ಕೈಯಲ್ಲಿ. ಮೊದಲ ಸಲ ಮಡಿಕೆ ಸಡಿಲವಾಗಿ ಗಾಳಿ ನುಗ್ಗಿತು. ಅಷ್ಟೂ ನೀರು ಗುಳುಗುಳು ಎಂದು ಬಕೆಟ್ಟಿಗೆ ಇಳಿದು, ತುಂಬಿ ಚೆಲ್ಲಿ, ನೆಲಮಹಡಿಯ ಯಾರದೋ ಬಿಳಿ ಕಾರಿನ ಚಕ್ರ ಕೆಂಪಾಯಿತು. ಒರೆಸಿದೆ.

ಎರಡನೆಯ ಸಲ ನಿಂತಿತು. ಎರಡನೆಯ ಮಹಡಿಯ ನಮ್ಮ ಅಡುಗೆಮನೆಯ ಕಿಟಕಿಯಿಂದ ಅಮ್ಮ ಕತ್ತು ಹೊರಹಾಕಿ, "ಇಲ್ಲೇ ನಿಂತಿದೆ ಕಣೋ, ಸಜ್ಜಾದ ಹತ್ತಿರ!" ಎಂದು ಕೂಗಿದರು. ಮೇಲಿನ ಮೂರು ಮೀಟರ್ ಪೈಪಿನಲ್ಲಿ ನೀರಿಲ್ಲ. ಕೆಂಪು ಕಂಬದ ನೆತ್ತಿಯಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಬೆಂಕಿಯಿಲ್ಲದೆ ಕುದಿಯುತ್ತಿರುವ ಸಾರಿನಂತೆ.

ಆದರೆ ಬಕೆಟ್ಟಿನ ನೀರಿನ ಮಟ್ಟದಿಂದ ಅಳೆದರೆ 8 ಮೀಟರ್ 90 ಸೆಂಟಿಮೀಟರ್. ಪುಸ್ತಕದಲ್ಲಿರುವುದು 10.3. ಗಾಳಿ ಸೋರುತ್ತಿದೆ ಎಂದು ನನಗನ್ನಿಸಿತು. "ಸೋರಿದರೆ ಇಳಿಯುತ್ತಲೇ ಇರಬೇಕಲ್ಲಪ್ಪ?" ಎಂದಳು. ಅರ್ಧ ಗಂಟೆ ಕಾದೆವು. ಒಂದು ಬೆರಳಿನಷ್ಟು ಇಳಿದಿರಬಹುದು, ಅಷ್ಟೇ. ಸೋರಿಕೆಯಲ್ಲ. ಹಾಗಾದರೆ ಪುಸ್ತಕ ತಪ್ಪು ಎಂದು ತೀರ್ಪು ಕೊಟ್ಟು ಊಟಕ್ಕೆ ಹೋದಳು.

ಊಟದ ಹೊತ್ತಿಗೆ ಹೊಳೆಯಿತು: ನಾವಿರುವುದು ಸಮುದ್ರ ಮಟ್ಟದಿಂದ 920 ಮೀಟರ್ ಮೇಲೆ, ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಹದಿನೈದು ಮೀಟರ್ ಪೈಪು ತರುವಾಗ ನನಗೇ ಇದು ತೋಚಲಿಲ್ಲ, ನಾಚಿಕೆಯಾಯಿತು. ಮೊಬೈಲಿನ ಹವಾಮಾನ ತೆರೆದರೆ ಒತ್ತಡ 1013 ಹೆಕ್ಟೋಪಾಸ್ಕಲ್ ಎಂದು ತೋರಿಸಿ ಮತ್ತೆ ದಾರಿ ತಪ್ಪಿಸಿತು. ಊರೂರಿನ ಅಂಕಿಯನ್ನು ಹೋಲಿಸಲು ಅನುಕೂಲವಾಗಲೆಂದು ಅವರು ಅದನ್ನು ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿ ಕೊಡುತ್ತಾರೆ. ಎದುರು ಮನೆಯವರ ಮೊಬೈಲಿನಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದೆ. ಅದು 912 ಎಂದಿತು. ಒಂದು ಮೀಟರ್ ನೀರಿನ ಕಂಬಕ್ಕೆ ಸುಮಾರು 98 ಹೆಕ್ಟೋಪಾಸ್ಕಲ್ ಎಂದು ಮಗಳು ಭಾಗಾಕಾರ ಮಾಡಿ 9.3 ಮೀಟರ್ ಎಂದಳು. "ಇನ್ನೂ 40 ಸೆಂಟಿಮೀಟರ್ ಕಡಿಮೆ ಇದೆ. ಅದೆಲ್ಲಿ ಹೋಯಿತು?"

ಇಲ್ಲಿಗೆ ಫ್ರೆಂಚ್ ವಿಜ್ಞಾನಿ ಪಾಸ್ಕಲ್ ಬರಲೇಬೇಕಾಯಿತು. 1646ರ ಸುಮಾರಿಗೆ ಫ್ರಾನ್ಸಿನ ರುವಾನ್‌ನಲ್ಲಿ ಅವನು ನಮ್ಮಂತೆಯೇ ಉದ್ದುದ್ದ ಕೊಳವೆ ನಿಲ್ಲಿಸಿ, ಒಂದರಲ್ಲಿ ನೀರು, ಒಂದರಲ್ಲಿ ಕೆಂಪು ವೈನ್ ತುಂಬಿದ. ಖಾಲಿ ಎಂಬುದು ಲೋಕದಲ್ಲಿ ಇರಲಾರದು, ಕೊಳವೆಯ ನೆತ್ತಿಯಲ್ಲಿ ದ್ರವದ ಆವಿ ತುಂಬಿಕೊಂಡು ಕೆಳಕ್ಕೆ ಒತ್ತುತ್ತದೆ ಎನ್ನುತ್ತಿದ್ದರು ಎದುರು ಪಕ್ಷದವರು. ಹಾಗಿದ್ದರೆ ಬೇಗ ಆವಿಯಾಗುವ ವೈನ್ ಹೆಚ್ಚು ಕೆಳಗೆ ನಿಲ್ಲಬೇಕು. ನೀರಿಗಿಂತ ಹಗುರವಾದ ವೈನ್ ಮೇಲೆಯೇ ನಿಂತಿತು, ಪಾಸ್ಕಲ್ ಗೆದ್ದ. ಚರಿತ್ರೆಯ ಪುಸ್ತಕಗಳು ಇಲ್ಲಿಗೆ ಚಪ್ಪಾಳೆ ತಟ್ಟಿ ಮುಂದಕ್ಕೆ ಹೋಗುತ್ತವೆ. ಆದರೆ ನಮ್ಮ ಪೈಪಿನಲ್ಲಿ ಕಾಣೆಯಾದ 40ರಲ್ಲಿ ಸುಮಾರು 30 ಸೆಂಟಿಮೀಟರ್ ನೀರಾವಿಯ ಒತ್ತಡದ ಲೆಕ್ಕ! ಇವತ್ತಿನ ಸೆಖೆಗೆ ಸರಿಯಾಗಿ ಅಷ್ಟಾಗುತ್ತದೆ. ಉಳಿದದ್ದು ನೀರಿನಿಂದ ಹೊರಬಿದ್ದ ಗಾಳಿ, ಮತ್ತೆ ನನ್ನ ಅಳತೆಯ ಅಂದಾಜು. "ಹಾಗಾದರೆ ಸೋತವರು ಹೇಳಿದ್ದೂ ಇದೆ," ಎಂದಳು. ಗೋಡೆಯ ಪಟ್ಟಿಯಲ್ಲಿ ಪಾಸ್ಕಲ್ ಕೆಳಗೆ "ಎದುರು ಪಕ್ಷದವರು" ಎಂದು ಚಿಕ್ಕ ಅಕ್ಷರದಲ್ಲಿ ತೂರಿಸಿದ್ದಾಳೆ.

ಈ ಪುಸ್ತಕಗಳ ಮೇಲೆ ನನ್ನ ತಕರಾರೂ ಇದೆ. ಲೆಕ್ಕ ಕಂಡರೆ ದೂರ ಓಡುತ್ತವೆ. ಒತ್ತಡದ ಅಭ್ಯಾಸಕ್ಕೆ ನಾನು ಎಂಟನೆಯ ತರಗತಿಯ ಪಠ್ಯಕ್ಕೇ ಮರಳಬೇಕಾಯಿತು. ಬೆಳಕಿನ ಅಧ್ಯಯನಕ್ಕೆ ಹೆಸರಾದ ಅರಬ್ ವಿಜ್ಞಾನಿ ಇಬ್ನ್ ಅಲ್ ಹೈತಮ್‌ನಿಗೆ ಒಂದು ಪುಟ ಕೊಟ್ಟರೆ ದೊಡ್ಡದು. ಪೀಸಾ ಗೋಪುರದಿಂದ ಗೆಲಿಲಿಯೊ ಗುಂಡು ಎಸೆದ ಚಿತ್ರ ಮಾತ್ರ ತಪ್ಪುವುದಿಲ್ಲ. ಆ ಕಥೆ ಬರೆದವನು ಶಿಷ್ಯ ವಿವಿಯಾನಿ, ಅವನು ಹುಟ್ಟಿದ್ದೇ 1622ರಲ್ಲಿ, ಗೆಲಿಲಿಯೊ ಪೀಸಾ ಬಿಟ್ಟು ಮೂವತ್ತು ವರ್ಷವಾದ ಮೇಲೆ. ಅಂದಿನಿಂದ ಮಗಳು ಯಾವ ಕಥೆಗೂ "ಬರೆದವರು ಅಲ್ಲಿದ್ದರಾ?" ಎಂದು ಕೇಳುತ್ತಾಳೆ. ಹೋದ ವಾರ ನನ್ನ ಕಾಲೇಜಿನ ಕ್ರಿಕೆಟ್ ಕಥೆಗೂ ಕೇಳಿದಳು.

ಸಂಜೆ ಫ್ರಾನ್ಸಿನ ಪ್ಯುಯಿ ದ ಡೋಮ್ ಬೆಟ್ಟದ ಕಥೆ ಓದಿದೆವು. 1648ರ ಸೆಪ್ಟೆಂಬರ್ 19ರಂದು ಪಾಸ್ಕಲ್‌ನ ಭಾವ ಪೆರಿಯೆ ಪಾದರಸದ ಕೊಳವೆ ಹೊತ್ತು ಆ ಬೆಟ್ಟ ಹತ್ತಿದ. ತುದಿಯಲ್ಲಿ ಪಾದರಸ ಸುಮಾರು 3 ಇಂಚು ಇಳಿದಿತ್ತು. ಇನ್ನೊಂದು ಕೊಳವೆ ಕೆಳಗೆ ಮಠದ ತೋಟದಲ್ಲಿ. ಅದು ದಿನವಿಡೀ ಅಲ್ಲಾಡಲಿಲ್ಲ ಎಂದು ಹೇಳಲು ಒಬ್ಬ ಸನ್ಯಾಸಿಯನ್ನು ಕಾವಲಿಗೆ ಕೂರಿಸಿದ್ದರು. ಮಗಳಿಗೆ ಹಿಡಿಸಿದ್ದು ಬೆಟ್ಟ ಹತ್ತಿದವನಲ್ಲ, ಈ ಸನ್ಯಾಸಿ.

ಆ ಬೆಟ್ಟ 1465 ಮೀಟರ್, ನಂದಿಬೆಟ್ಟ 1478. ಮುಂದಿನ ಭಾನುವಾರಕ್ಕೆ ಎದುರು ಮನೆಯವರ ಮೊಬೈಲ್ ಕೇಳಿಟ್ಟಿದ್ದೇವೆ. ಪೈಪು ತಾರಸಿಯಿಂದ ಹಾಗೆಯೇ ಇಳಿಬಿದ್ದಿರುತ್ತದೆ, ಗಂಟೆಗೊಮ್ಮೆ ಮಟ್ಟ ಬರೆದಿಡುವ ಕೆಲಸ ಅಡುಗೆಮನೆಯ ಕಿಟಕಿಯಲ್ಲಿ ಅಜ್ಜಿಯದು. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಕೊಟ್ಟಾಗಿದೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಎರಡರಿಂದ ಮೂರರವರೆಗೆ ನಾನು ಮಲಗುತ್ತೇನೆ. ಆ ಸನ್ಯಾಸಿ ಮಲಗಿರಲಿಲ್ಲವೇನೇ?" ಎಂದು ಕೇಳಿದರು. ಮಗಳು ಪುಸ್ತಕ ತಿರುವಿ ಹುಡುಕುತ್ತಿದ್ದಾಳೆ.