ಅಪ್ಪನ ಕೆಮ್ಮು

"ಬಿಪಿಗೆ ಯಾವ ಮಾತ್ರೆ ತಗೋತಿದ್ದೀರಿ ಯಜಮಾನ್ರೇ?"

ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದ್ದು ಇಷ್ಟೇ. ಸೋಮವಾರದಿಂದ ಆ ಮಾತು ನನ್ನ ತಲೆ ಬಿಟ್ಟು ಹೋಗಿಲ್ಲ.

ಚಳಿಗಾಲದಿಂದ ಅಪ್ಪನಿಗೆ ಒಣಕೆಮ್ಮು. ಕಫವಿಲ್ಲ, ಜ್ವರವಿಲ್ಲ, ಗಂಟಲೊಳಗೆ ಗರಿ ಆಡಿಸಿದ ಹಾಗೆ ಕೆರೆತ, ರಾತ್ರಿಯಿಡೀ. ಎಕ್ಸ್‌ರೇ ಆಯಿತು, ಟಿಬಿ ಪರೀಕ್ಷೆ ಆಯಿತು, ಸಿರಪ್ ಬಾಟಲಿಗಳು ಖಾಲಿಯಾದವು. ಮಂಡ್ಯದ ಕಡೆ ಯಾರೇ ಕೆಮ್ಮಲಿ, ಮೊದಲು ಬೈಸಿಕೊಳ್ಳುವುದು ಆಲೆಮನೆ ಹೊಗೆ. ಚಿಕ್ಕಮ್ಮ ಮಾತ್ರ "ಭಾವ ಕದ್ದು ಬೀಡಿ ಸೇದ್ತಾರೆ" ಅಂತ ತೀರ್ಮಾನವನ್ನೇ ಕೊಟ್ಟರು. ಆಯಮ್ಮನ ಮನಸ್ಸು ಒಳ್ಳೆಯದು, ಹಿಪ್ಪಲಿ ಕಷಾಯ ಕಾಯಿಸಿ ತಂದವರೂ ಅವರೇ. ಬಾಯಿಗೆ ಮಾತ್ರ ಹಿಡಿತವಿಲ್ಲ. ಅಪ್ಪ ಆ ಮಾತಿಗೆ ಬಹಳ ನೊಂದಿದ್ದರು.

ಡಾಕ್ಟರಮ್ಮ ಕೇಳಿದ ಕೂಡಲೇ ಅಪ್ಪ ಅಂಗಿ ಜೇಬಿಂದ ಸ್ಟ್ರಿಪ್ ತೆಗೆದರು. ಮೆಡಿಕಲ್ ಸ್ಟೋರಿನಲ್ಲಿ ಕತ್ತರಿಸಿ ಕೊಟ್ಟ ತುಂಡು, ಅರ್ಧ ಹೆಸರು ಕತ್ತರಿಗೆ ಹೋಗಿತ್ತು. ಆಕೆ ಅದನ್ನು ಕಿಟಕಿ ಬೆಳಕಿಗೆ ಹಿಡಿದು, ಓರೆ ಮಾಡಿ, ಉಳಿದ ಅಕ್ಷರ ಓದಿದರು. ರಾಮಿಪ್ರಿಲ್.

"ಅಲ್ಲ ಕಣವ್ವ, ಬಿಪಿ ಮಾತ್ರೆಗೂ ಕೆಮ್ಮಿಗೂ ಏನ್ ಸಂಬಂಧ?"

ಇದೆಯಂತೆ. ರಾಮಿಪ್ರಿಲ್, ಎನಾಲಾಪ್ರಿಲ್ ಥರದ ಮಾತ್ರೆಗಳು ರಕ್ತನಾಳ ಬಿಗಿಯಾಗಲು ಕಾರಣವಾಗುವ ಒಂದು ಕಿಣ್ವವನ್ನು ತಡೆಯುತ್ತವೆ. ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವುದೂ ಅದೇ ಕಿಣ್ವ. ಒಡೆಯದೆ ಉಳಿದ ಬ್ರಾಡಿಕೈನಿನ್ ಕೆಲವರ ಶ್ವಾಸನಾಳವನ್ನು ಕೆರಳಿಸುತ್ತದೆ. ಮಾತ್ರೆ ಶುರು ಮಾಡಿ ತಿಂಗಳುಗಟ್ಟಲೆ ಆದಮೇಲೂ ಕೆಮ್ಮು ಬರಬಹುದು, ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬರಲ್ಲ. ಅದನ್ನು ನಿಲ್ಲಿಸಿ ಟೆಲ್ಮಿಸಾರ್ಟನ್ ಅನ್ನೋ ಬೇರೆ ಬಗೆಯ ಬಿಪಿ ಮಾತ್ರೆಗೆ ಬದಲಿಸಿದ್ದಾರೆ. ಕೆಮ್ಮು ಪೂರ್ತಿ ಹೋಗಲು ಸಾಮಾನ್ಯವಾಗಿ 1ರಿಂದ 4 ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕಂತೆ.

ಮೊದಲು ಮಾತ್ರೆ ಬರೆದವರನ್ನು ನಾನು ದೂರುವುದಿಲ್ಲ. ಅಪ್ಪನ ಬಿಪಿ ಹಿಡಿತದಲ್ಲಿತ್ತು. ಆದರೆ ಕೆಮ್ಮಿಗೆ ನೋಡಿದವರೆಲ್ಲ ಎದೆ ನೋಡಿದರು, ಗಂಟಲು ನೋಡಿದರು, ಆ ಜೇಬಿನಲ್ಲಿ ಏನಿದೆ ಅಂತ ಒಬ್ಬರೂ ಕೇಳಲಿಲ್ಲ. ಬಿಪಿ ಮಾತ್ರೆ, ಕೆಮ್ಮಿನ ಸಿರಪ್ ಎರಡನ್ನೂ ಒಂದೇ ಕವರಿಗೆ ಹಾಕಿ ಕೊಡುತ್ತಿದ್ದ ಅಂಗಡಿಯವನಿಗಾದರೂ ಹೊಳೆಯಬಾರದಿತ್ತೇ?

ನಿನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. "ಹಂಗಾರೆ ನಾನೂ ಬಿಪಿ ಮಾತ್ರೆ ಬುಟ್ಬುಡ್ತೀನಿ ಕಣೆ, ಕಾಲು ಊದ್ಕತಾವೆ." ನನಗೆ ಗಾಬರಿಯೇ ಆಯಿತು. ಅವರದು ಅಮ್ಲೋಡಿಪಿನ್. ಕಣಕಾಲು ಊದುವುದು ಅದರ ಅಡ್ಡಪರಿಣಾಮವೇ, ಡೋಸ್ ಹೆಚ್ಚಿದಷ್ಟೂ ಊತ ಹೆಚ್ಚು. ಆದರೆ ಹೃದಯದ ಅಥವಾ ಕಿಡ್ನಿಯ ತೊಂದರೆಗೂ ಕಾಲು ಊದುತ್ತದೆ, ಅದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡೋಕಾಗಲ್ಲ. ಮಾತ್ರೆ ತಾವಾಗೇ ನಿಲ್ಲಿಸಿ ಬಿಪಿ ಏರಿಸಿಕೊಂಡು ಪಾರ್ಶ್ವವಾಯು ಆದವರು ನಮ್ಮ ಬೀದಿಯಲ್ಲೇ ಇದ್ದಾರೆ. ಬಿಡಬೇಡಿ, ಡಾಕ್ಟರಿಗೆ ಹೇಳಿದಿರಾ ಅಂತ ಕೇಳಿದೆ.

"ಬೈಯಕಿಲ್ವೇನೆ ಅವ್ರು?"

"ಬೈದ್ರೆ ನಾನಿರ್ತೀನಲ್ಲ ಚಿಕ್ಕಮ್ಮ. ಶನಿವಾರ ಬೆಳಿಗ್ಗೆ ರೆಡಿಯಾಗಿರಿ."